ನಾಗಿಯ ಹನ್ನೊಂದು ಊರುಗಳು

24 ನವೆಂಬರ್ 1998, ಮಂಗಳವಾರ

ಇವತ್ತು ಸಂಪಾದಕ ಅಜ್ಜಯ್ಯನವರು ಕರೆದು, ‘ನಾಗಿಯ ದಾರಿ’ ಚಿತ್ರಕಥೆ ಡಿಸೆಂಬರ್ ಇಪ್ಪತ್ತೇಳರ ಭಾನುವಾರ ಮುಗಿಯಬೇಕು ಎಂದರು. ಹೊಸ ವರ್ಷದಿಂದ ಭಾನುವಾರದ ಕೊನೆಯ ಪುಟ ಪೂರ್ತಿ ಸಿನಿಮಾಕ್ಕೆ.

“ಕಥೆ ಮುಗಿಯದಿದ್ದರೆ?” ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಫೋನ್ ಎತ್ತಿಕೊಂಡಿದ್ದರು. ಆದರೂ ಅರ್ಥವಾಯಿತೇನೋ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, “ಮುಗಿದರೆ ಸರಿ, ಇಲ್ಲಾಂದ್ರೆ ಹಂಗೇ ನಿಲ್ಲಿಸೋಣ. ಜನ ಒಂದು ವಾರ ಕೇಳ್ತಾರೆ, ಆಮೇಲೆ ಪದಬಂಧ ಬಿಡಿಸ್ತಾ ಕೂಡ್ತಾರೆ” ಎಂದರು.

ಎಂ.ಎ. ಮುಗಿಸಿ ಈ ಪತ್ರಿಕೆಗೆ ಪ್ರೂಫ್ ನೋಡಲು ಸೇರಿ ಆರು ತಿಂಗಳಾಯಿತು. ಭಾನುವಾರದ ಚಿತ್ರಕಥೆಯೂ ನನ್ನ ಪಾಲಿಗೇ ಬಂದಿದೆ. ಎರಡು ವರ್ಷದಿಂದ ಬರುತ್ತಿರುವ ಕಥೆ. ಏಳು ವರ್ಷದ ನಾಗಿ ರೈಲಿನಲ್ಲಿ ನಿದ್ದೆ ಹೋಗಿ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಾಳೆ. ಅವಳಿಗೆ ತನ್ನ ಊರಿನ ಹೆಸರು ಗೊತ್ತಿಲ್ಲ. ಮನೆಯ ಬಾಗಿಲು ನೀಲಿ ಎಂಬುದಷ್ಟೇ ನೆನಪು. ಊರೂರು ನಡೆದು, ನೀಲಿ ಬಾಗಿಲು ಕಂಡಲ್ಲೆಲ್ಲ ಬಡಿದು, “ನಮ್ಮವ್ವ ಇದಾಳೇನ್ರಿ?” ಎಂದು ಕೇಳುತ್ತಾಳೆ. ಇಲ್ಲ ಎಂದರೆ ಮುಂದಿನ ಊರು. ಊರುಗಳು ಮಾತ್ರ ನಿಜವಾದವು, ನಮ್ಮ ಸುತ್ತಮುತ್ತಲಿನವೇ.

ಬರೆಯುವವರು ಹರಿಹರದ ಹಯಾತ್ ಸಾಬ್, ಬೋರ್ಡ್ ಪೇಂಟರ್. ನಾನು ಅವರನ್ನು ನೋಡಿಲ್ಲ. ಪ್ರತಿ ಗುರುವಾರ ರಟ್ಟಿನ ಕೊಳವೆಯಲ್ಲಿ ಚಿತ್ರ ಸುತ್ತಿ ಹರಿಹರದ ಬಸ್ ಕಂಡಕ್ಟರ್ ಕೈಲಿ ಕೊಡುತ್ತಾರೆ. ನಮ್ಮವರು ಸ್ಟ್ಯಾಂಡಿಗೆ ಹೋಗಿ ತರುತ್ತಾರೆ. ಪತ್ರಿಕೆಯಲ್ಲಿ ಅಚ್ಚಾಗುವುದು ಕಪ್ಪು ಬಿಳುಪು. ಆದರೂ ಮೂಲದಲ್ಲಿ ಬಾಗಿಲಿಗೆ ಮಾತ್ರ ನೀಲಿ ಹಚ್ಚಿರುತ್ತಾರೆ. ಯಾರಿಗಾಗಿ ಹಚ್ಚುತ್ತಾರೆ ಎಂದು ನನಗೆ ಮೊದಲಿನಿಂದಲೂ ಕುತೂಹಲ.

ಖಾಲಿ ಕೊಳವೆಯೊಳಗೆ ಚೀಟಿ ಬರೆದಿಟ್ಟು ಕಳಿಸಿದೆ: ಈ ಭಾನುವಾರದ್ದು ಬಿಟ್ಟು ನಾಲ್ಕು ಕಂತು ಉಳಿದಿವೆ, ದಯವಿಟ್ಟು ನಾಗಿಯನ್ನು ಮನೆ ಮುಟ್ಟಿಸಿ.

30 ನವೆಂಬರ್, ಸೋಮವಾರ

ನಿನ್ನೆ ಕಂತಿನ ಕೆಳಗೆ ‘ಇನ್ನು ನಾಲ್ಕೇ ವಾರ’ ಎಂದು ಹಾಕಿದ್ದೆವು. ಇವತ್ತು ಬೆಳಿಗ್ಗೆಯಿಂದ ಫೋನು. ನನ್ನ ಮೇಜಿನ ಪಕ್ಕದಲ್ಲೇ ಅದು ಇರುವುದು ನನ್ನ ದುರದೃಷ್ಟ. ಎರಡು ಸಲ ಬಚ್ಚಲಿಗೆ ಎದ್ದುಹೋದೆ. ಮೂರನೆಯ ಸಲ ಡಿಟಿಪಿ ಮಾಡುವ ಕೊಟ್ಟೂರೇಶ್ ತಮ್ಮ ಕೋಣೆಯಿಂದ ಓಡಿಬಂದು ಎತ್ತಿದರು.

“ಮಾಯಕೊಂಡದ ದ್ರಾಕ್ಷಾಯಣಮ್ಮ ಅಂತೆ. ನಾಗಿ ಯಾವ ಭಾನುವಾರ ಅವರೂರಿಗೆ ಬರ್ತಾಳೆ ಅಂತ ಕೇಳ್ತಾರೆ. ನಿಮ್ಮೂರಿಗೇ ಬರ್ತಾಳೆ ಅಂತ ಹೆಂಗೆ ಹೇಳ್ತೀರಿ ಅಂದ್ರೆ, ನಕ್ಕು ಇಟ್ಟುಬಿಟ್ರು. ಫೋನೇನು ಕಚ್ಚಲ್ಲ ವಾಣಿ ಮೇಡಂ, ಎತ್ತಬೇಕು ನೀವು.”

ಆ ನಗು ಯಾಕೆ? ಗೊತ್ತಿದ್ದವರು ನಗುವ ಹಾಗೆ ನಕ್ಕರಂತೆ.

1 ಡಿಸೆಂಬರ್, ಮಂಗಳವಾರ

ಆನಗೋಡಿನಿಂದ ಬಕ್ಕೇಶಪ್ಪ ಎಂಬವರು ಬಂದಿದ್ದರು. ಸೈಕಲ್ ರಿಪೇರಿ ಅಂಗಡಿ ಇದೆಯಂತೆ. ಭಾನುವಾರ ಅಂಗಡಿ ಮುಂದೆ ಹತ್ತು ಹದಿನೈದು ಜನ ಕೂಡುತ್ತಾರೆ, ಇವರು ‘ನಾಗಿಯ ದಾರಿ’ ಓದಿ ಹೇಳುತ್ತಾರೆ. ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಕವರಿನಿಂದ ಒಂದು ಕಾರ್ಡು ತೆಗೆದರು.

“ಓದ್ರಿ. ಗಟ್ಟಿಯಾಗಿ ಬ್ಯಾಡ.”

ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗಿನ ಅಕ್ಷರ. ‘ನೀವು ಕೇಳಿದ್ದು ಸರಿ. ನಾಗಿ ನಿಮ್ಮ ಊರಿನವಳೇ. ಈಗಲೇ ಯಾರಿಗೂ ಹೇಳಬೇಡಿ. ಹಯಾತ್ ಸಾಬ್.’

“ಇಡೀ ಊರಿಗೆ ಹೇಳೀನಿ” ಎಂದರು ಬಕ್ಕೇಶಪ್ಪ ಹೆಮ್ಮೆಯಿಂದ. “ಹ್ವಾದ ವರ್ಷ ಬಂದಾಗ ಬ್ಯಾರೆ ಬಾಗ್ಲು ಬಡಿದು ಹೋದ್ಲು. ಈ ಸಲ ಯಾವ ವಾರ ಅಂತ ಗೊತ್ತಾದ್ರೆ ಚಲೋ ಆಗ್ತಿತ್ತು. ಅವತ್ತು ಸ್ವಲ್ಪ ಜನ ಜಾಸ್ತಿ ಬರ್ತಾರೆ.”

ನಿನ್ನೆಯ ನಗು ಈಗ ಅರ್ಥವಾಯಿತು. ಮಾಯಕೊಂಡಕ್ಕೂ ಇಂಥದೇ ಕಾರ್ಡು ಹೋಗಿರಬೇಕು. ಬಕ್ಕೇಶಪ್ಪನವರಿಗೆ ನೀರು ಕೊಟ್ಟೆ. ಅವರು ಹೋದ ಮೇಲೆ ಎರಡು ವರ್ಷದ ಓದುಗರ ಪತ್ರಗಳ ಕಟ್ಟನ್ನು ಬಿಚ್ಚಿದೆ. ಇಂಥ ಊರಿನವರು ‘ನಮ್ಮ ನಾಗಿ’ ಎಂದು ಬರೆದ ಪತ್ರಗಳನ್ನು ಮೊದಲು ಸುಮ್ಮನೆ ಪ್ರೀತಿ ಎಂದುಕೊಂಡಿದ್ದೆ. ಈಗ ಬೇರೆ ಇಟ್ಟು ನೋಡಿದರೆ ಏಳು ಊರು.

5 ಡಿಸೆಂಬರ್, ಶನಿವಾರ

ಹರಿಹರಕ್ಕೆ ಹೋಗಿದ್ದೆ. ಯಾರನ್ನೂ ಕೇಳದೆ ಅಂಗಡಿ ಹುಡುಕುತ್ತೇನೆ ಎಂದು ಹೊರಟು ಹೊಳೆದಂಡೆಯವರೆಗೆ ಎರಡು ಸಲ ನಡೆದೆ. ಕೊನೆಗೆ ಬೋರ್ಡುಗಳ ಅಕ್ಷರ ನೋಡುತ್ತಾ ಹೋದೆ. ಆ ದುಂಡು ಅಕ್ಷರ ಹೆಚ್ಚಾದ ಕಡೆಗೆ ಹೋದಂತೆ ಅಂಗಡಿ ಸಿಕ್ಕಿತು.

ಹಯಾತ್ ಸಾಬ್ ಐವತ್ತೈದರವರಿರಬಹುದು. ಹಿಟ್ಟಿನ ಗಿರಣಿಯ ಬೋರ್ಡು ಬರೆಯುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಕುಂಚ ಕೆಳಗಿಟ್ಟು, “ಪತ್ರಿಕೆಯಿಂದ ಬಂದ್ರಾ? ಕೂಡ್ರಿ ಅಮ್ಮಾ, ಕೂಡ್ರಿ” ಎಂದು ಸ್ಟೂಲು ಒರೆಸಿದರು. ನಾನು ಕಾರ್ಡುಗಳ ವಿಷಯ ತೆಗೆದೆ. ಏಳು ಊರು ಸಿಕ್ಕಿವೆ ಎಂದೆ.

“ಏಳಲ್ಲ, ಹನ್ನೊಂದು” ಎಂದರು ನೆಲ ನೋಡುತ್ತಾ.

ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ ಹೇಳತೊಡಗಿದರು.

“ಮೊದ್ಲು ಮಾಯಕೊಂಡದ ಅಮ್ಮೋರು ಬರ್ದ್ರು. ನಮ್ಮ ಮನಿ ಬಾಗ್ಲೂ ನೀಲಿ, ನಾಗಿ ನಮ್ಮೂರಾಕೀನಾ ಅಂತ. ಹೌದು ಅಂತ ಬರ್ದೆ. ಆವಾಗ ಒಂದೇ ಊರು ನೋಡಮ್ಮ, ಅದು ಸುಳ್ಳಲ್ಲ. ಆಮ್ಯಾಲೆ ಹದಡಿಯೋರು ಕೇಳಿದ್ರು. ಅಲ್ಲ ಅಂತ ಹೆಂಗ ಬರೀಲಿ? ಅಷ್ಟು ಆಸೆಯಿಂದ ಕೇಳ್ಯಾರೆ.”

“ಹಾಗಂತ ಹನ್ನೊಂದು ಊರಿಗೆ...”

“ನಾ ಬೋರ್ಡ್ ಬರೆಯೋನು ತಾಯಿ. ಮೂವತ್ತು ವರ್ಷ ಆತು. ಬಂದ ಗಿರಾಕಿ ‘ಊರಿಗೇ ನಂಬರ್ ಒನ್’ ಅಂತ ಬರೀ ಅಂತಾನೆ, ಬರೀತೀನಿ. ಎದುರು ಅಂಗಡಿಯೋನೂ ಅದನ್ನೇ ಬರೀ ಅಂತಾನೆ. ಅವನಿಗೂ ಬರೀತೀನಿ. ಇಬ್ರೂ ಖುಷಿ. ಇಷ್ಟು ವರ್ಷದಾಗ ಒಬ್ರೂ ಬಂದು, ಹಯಾತ್, ಇಬ್ಬರೊಳಗ ಯಾರು ನಂಬರ್ ಒನ್ ಅಂತ ಕೇಳಿಲ್ಲ.”

ನನಗೆ ನಗು ಬಂತು. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಈಗ ಕೇಳ್ತಾರೆ” ಎಂದರು.

ನಿಜವಾಗಿ ನಾಗಿಯ ಊರು ಯಾವುದು, ಶುರು ಮಾಡುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. ಏನೂ ಇರಲಿಲ್ಲವಂತೆ. ಯಾರದೋ ಮನೆಯ ಬಾಗಿಲಿಗೆ ಹಚ್ಚಿ ಉಳಿದ ನೀಲಿ ಬಣ್ಣ ಡಬ್ಬಿಯಲ್ಲಿತ್ತು, ಅಷ್ಟೇ. ಈಗ ನನ್ನ ಚೀಟಿ ಬಂದಾಗಿನಿಂದ ನಾಗಿಯ ಮುಖ ಬರೆಯಲು ಕೂತರೆ, ‘ಎಲ್ಲಿಗೆ ಕರ್ಕೊಂಡು ಹೊಂಟೀಯಪ್ಪ’ ಎಂದು ಅವಳೇ ನೋಡಿದ ಹಾಗಾಗುತ್ತದಂತೆ.

ಒಂದು ಊರು ಹೇಳಿದರೆ ಹತ್ತು ಊರಿಗೆ ಸುಳ್ಳುಗಾರ. ಹೇಳದಿದ್ದರೆ ಆ ಹುಡುಗಿ ಇನ್ನೂ ದಾರಿಯಲ್ಲಿ. ಬಸ್ಸಿನಲ್ಲಿ ಬರುತ್ತಾ ನಾನು ಇದನ್ನು ಒಂದು ಲೆಕ್ಕದ ಹಾಗೆ ಬಿಡಿಸಲು ನೋಡಿದೆ. ಬಗೆಹರಿಯಲಿಲ್ಲ.

9 ಡಿಸೆಂಬರ್, ಬುಧವಾರ

ಸಿಕ್ಕಿತು! ಬೆಳಿಗ್ಗೆ ಹೂವು ಕಟ್ಟುವಾಗ ಹೊಳೆಯಿತು. ತೆರೆದ ಅಂತ್ಯ. ನಾಗಿ ಒಂದು ನೀಲಿ ಬಾಗಿಲು ಬಡಿಯುತ್ತಾಳೆ. ಊರಿನ ಹೆಸರು ಇಲ್ಲ. ಬಾಗಿಲು ಒಂದಿಷ್ಟೇ ತೆರೆಯುತ್ತದೆ, ಒಳಗಿನ ಬೆಳಕು ಅವಳ ಪಾದದ ಮೇಲೆ ಬೀಳುತ್ತದೆ. ಮುಗಿಯಿತು. ಒಳಗಿರುವುದು ಯಾರು, ಊರು ಯಾವುದು ಎಂಬುದು ಓದುಗರ ಕಲ್ಪನೆಗೆ. ಹನ್ನೊಂದು ಊರಿನವರೂ ತಮ್ಮದೇ ಎಂದುಕೊಳ್ಳಬಹುದು. ತರಗತಿಯಲ್ಲಿ ಇಂಥ ಅಂತ್ಯಗಳ ಬಗ್ಗೆ ನಾನು ಬರೆದ ಉತ್ತರವನ್ನು ಮೇಷ್ಟ್ರು ಎಲ್ಲರಿಗೂ ಓದಿ ಹೇಳಿದ್ದರು.

ಕೊಳವೆಯಲ್ಲಿ ಚೀಟಿ ಕಳಿಸಿದೆ.

11 ಡಿಸೆಂಬರ್, ಶುಕ್ರವಾರ

ಉತ್ತರ ಬಂತು. ‘ನಾಲ್ಕಕ್ಷರ ಓದಿದವರು ಓದಿದವರೇ. ಎದೆಯ ಮೇಲಿನ ಕಲ್ಲು ಇಳಿಯಿತು.’ ಕೆಳಗೆ ಒಂದು ಗುಬ್ಬಿಯ ಚಿತ್ರ.

16 ಡಿಸೆಂಬರ್, ಬುಧವಾರ

ಕೊನೆಯ ಚಿತ್ರವನ್ನು ಹಯಾತ್ ಸಾಬ್ ಹತ್ತು ದಿನ ಮೊದಲೇ ಕಳಿಸಿಬಿಟ್ಟಿದ್ದಾರೆ. ಎಷ್ಟು ಚೆನ್ನಾಗಿದೆ! ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ಪೇಪರ್‌ವೆಯ್ಟ್ ಇಟ್ಟು ನೋಡುತ್ತಿದ್ದೆ. ಕಸ ಗುಡಿಸಲು ಬಂದ ತಿಮ್ಮವ್ವ ಪೊರಕೆ ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿದಳು. ಅವಳಿಗೆ ಓದು ಬರುವುದಿಲ್ಲ. ಪ್ರತಿ ವಾರ ಕೊಟ್ಟೂರೇಶ್ ಓದಿ ಹೇಳುತ್ತಾರೆ, ಅವಳು ಚಿತ್ರ ನೋಡುತ್ತಾಳೆ.

“ಬಾಗ್ಲು ತೆಗುದ್ರು” ಎಂದಳು. “ಮುಂದಿಂದು ಎಲ್ಲೈತವ್ವ?”

“ಇಷ್ಟೇ ತಿಮ್ಮವ್ವ. ಇಲ್ಲಿಗೆ ಮುಗೀತು. ಒಳಗೆ ಯಾರು ಅಂತ ಓದೋರೇ ಅಂದುಕೋಬೇಕು.”

“ನಾವು ಅಂದ್ಕೊಳ್ಳಾಕ ಹತ್ತಿ ಎರಡು ವರ್ಷ ಆತಲ್ಲವ್ವ! ಅದಕ್ಕೇ ಅಲ್ಲೇನು ವಾರಾ ವಾರಾ ನೋಡಿದ್ದು? ಈಗ ನೀವು ಹೇಳಬೇಕು.”

ನಾನು ಕಲ್ಪನೆ, ಸ್ವಾತಂತ್ರ್ಯ ಎಂದೇನೋ ಹೇಳಲು ಹೋದೆ. ಅವಳು ಚಿತ್ರದಲ್ಲಿ ನಾಗಿಯ ಪಾದದ ಹತ್ತಿರ ಬೆರಳಿಟ್ಟಳು. “ಹುಡುಗೀನ ಹೊಸ್ತಿಲ ಹೊರಗೆ ನಿಲ್ಲಿಸಿ, ನೀವು ನೀವು ಮನೀಗೆ ಹೊಂಟ್ರೇನು?”

ಕೊಟ್ಟೂರೇಶ್ ಆ ಕಡೆಯಿಂದ ಕಿಸಕ್ಕೆಂದರು. ತಿಮ್ಮವ್ವ ಮಾತ್ರ ನಗಲಿಲ್ಲ. ನನ್ನ ಮೇಜಿನ ಕೆಳಗೆ ಗುಡಿಸದೆ ಹೋದಳು.

ಮಧ್ಯಾಹ್ನವೆಲ್ಲ ಆ ಚಿತ್ರವನ್ನೇ ನೋಡಿದೆ. ಬೆಳಕು ಬಿದ್ದಿರುವುದು ಪಾದದ ಮೇಲೆ. ಅವಳ ಮುಖದಲ್ಲಿ ಏನಿದೆ ಎಂದು ಹಯಾತ್ ಸಾಬ್ ಬರೆದೇ ಇಲ್ಲ, ಬೆನ್ನು ಮಾತ್ರ ಇದೆ. ಅವರಿಗೂ ಮುಖ ಬರೆಯಲು ಆಗಲಿಲ್ಲ. ನನ್ನ ಉಪಾಯ ಯಾರನ್ನು ಉಳಿಸಿತು? ನಮ್ಮಿಬ್ಬರನ್ನು.

17 ಡಿಸೆಂಬರ್, ಗುರುವಾರ

ಮತ್ತೆ ಹರಿಹರ. ಕೊಳವೆ ವಾಪಸು ಕೊಟ್ಟು, ತಿಮ್ಮವ್ವ ಹೇಳಿದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಕುಂಚವನ್ನು ಬಟ್ಟೆಯಿಂದ ಒರೆಸಿದರು, ಒರೆಸುವುದಕ್ಕೆ ಅದರಲ್ಲಿ ಬಣ್ಣವೇ ಇರಲಿಲ್ಲ.

“ಮೊದ್ಲು ಯಾರಿಗೆ ಮಾತು ಕೊಟ್ಟೆ, ನಾಗಿ ಅವರೂರಾಕಿ. ಮಾಯಕೊಂಡ. ಉಳಿದ ಹತ್ತೂರಿಗೆ ಹೋಗಿ ತಪ್ಪಾತು ಅಂತೀನಿ.”

“ಕಾಗದ ಬರೆದರೆ ಸಾಕಲ್ಲ?”

“ಸುಳ್ಳನ್ನ ಕಾಗದದಾಗ ಹೇಳೀನಿ. ಖರೇನೂ ಕಾಗದದಾಗೇ ಹೇಳಿದ್ರೆ, ಯಾವ ಕಾಗದ ಖರೇ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?”

ಇಪ್ಪತ್ತೈದರ ಸಂಜೆಯೊಳಗೆ ಹೊಸ ಚಿತ್ರ ಬರದಿದ್ದರೆ ಅಚ್ಚಿನ ಪ್ಲೇಟ್ ಮಾಡಲು ಆಗುವುದಿಲ್ಲ. ಎಂಟು ದಿನ, ಹತ್ತು ಊರು. “ಒಂಬತ್ತು ನಾ ನೋಡ್ಕೋತೀನಿ. ಆನಗೋಡಿಗೆ ಮಾತ್ರ ನೀವೂ ಬರ್ರಿ. ಆ ಮನುಷ್ಯ ನಿಮ್ಮನ್ನ ನೋಡ್ಯಾನೆ” ಎಂದರು. ನಾನು ಬಂದು ಮಾಡುವುದೇನು? ಬರುತ್ತೇನೆ ಎಂದುಬಿಟ್ಟೆ.

21 ಡಿಸೆಂಬರ್, ಸೋಮವಾರ

ಹಯಾತ್ ಸಾಬರ ಫೋನ್, ಮಲೇಬೆನ್ನೂರಿನ ಬೂತಿನಿಂದ. ಎಂಟು ಊರು ಆಯಿತಂತೆ, ಒಂಬತ್ತನೆಯದಕ್ಕೆ ಹೊರಟಿದ್ದಾರಂತೆ. ರಾಜನಹಳ್ಳಿಯಲ್ಲಿ ನಕ್ಕರು. ಕುಂಬಳೂರಿನಲ್ಲಿ ಒಬ್ಬಾತ ಕೂಡಿಸಲೂ ಇಲ್ಲ. ಬೆಳ್ಳೂಡಿಯಲ್ಲಿ ಒಬ್ಬ ಮುದುಕಿ, ನಮ್ಮೂರಾಕಿ ಅಲ್ಲ ಅಂತ ಹೇಳಾಕ ಇಷ್ಟು ದೂರ ಬಂದೀಯಾ ಎಂದು ಅತ್ತಳಂತೆ. ದನಿ ಸಣ್ಣಗಾಗಿತ್ತು. ರಂಜಾನ್ ಉಪವಾಸ ಬೇರೆ ಶುರುವಾಗಿದೆ.

ಅವರು ಇಟ್ಟ ಮೇಲೆ ಮಾಯಕೊಂಡಕ್ಕೆ ಫೋನ್ ಹಚ್ಚಿ ದ್ರಾಕ್ಷಾಯಣಮ್ಮನವರಿಗೆ ವಿಷಯ ಹೇಳಿದೆ. ನಾಗಿ ನಿಮ್ಮೂರಿನವಳು, ಆದರೆ ಇದೇ ಮಾತನ್ನು ಇನ್ನೂ ಹತ್ತು ಊರಿಗೆ ಕೊಟ್ಟಿದ್ದರು, ನಿಮಗೆ ತಿಳಿದಿರಲಿ ಎಂದೆ. ಅವರು, “ಪಾಪ, ಆ ಊರೋರಿಗೆ ಹೆಂಗಾಗಬ್ಯಾಡ” ಎಂದರು. ಈ ಸಲ ನಗಲಿಲ್ಲ.

22 ಡಿಸೆಂಬರ್, ಮಂಗಳವಾರ

ಆನಗೋಡು. ಬಕ್ಕೇಶಪ್ಪನವರ ಸೈಕಲ್ ಅಂಗಡಿಯ ಹಿಂದೆಯೇ ಮನೆ. ಮನೆಯ ಬಾಗಿಲು ನೀಲಿ, ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ನಾಗಿಗಾಗಿ ಹಚ್ಚಿಸಿದ್ದಾರೆ. ನನಗೆ ಅಲ್ಲಿಂದಲೇ ವಾಪಸು ಓಡಿಹೋಗೋಣ ಎನಿಸಿತು. ಹಯಾತ್ ಸಾಬ್ ಬಾಗಿಲಿನ ಮೇಲೆ ಬೆರಳಾಡಿಸಿ, ತಮಗರಿವಿಲ್ಲದೆ, “ಒಂದು ಕೋಟ್ ಕಡಿಮಿ ಆಗೈತೆ” ಎಂದರು.

“ಅದಕ್ಕೇ ಬಂದ್ರೇನು, ಎರಡನೇ ಕೋಟ್ ಹಚ್ಚಾಕ?” ಎಂದರು ಬಕ್ಕೇಶಪ್ಪ. ಸುತ್ತ ಏಳೆಂಟು ಜನ ಸೇರಿದ್ದರು, ಎಲ್ಲರೂ ನಕ್ಕರು.

ಕೂರಲು ಹೇಳಿದರೂ ಹಯಾತ್ ಸಾಬ್ ಕೂರಲಿಲ್ಲ. ನಿಂತೇ ಹೇಳಿದರು. ನಾಗಿ ಮಾಯಕೊಂಡದವಳು. ಹನ್ನೊಂದು ಊರಿಗೆ ಒಂದೇ ಮಾತು ಬರೆದೆ. ತಪ್ಪಾತು.

ಹಿಂದಿನಿಂದ ಒಬ್ಬ, “ಬಕ್ಕೇಶಣ್ಣ, ಬಾಗ್ಲು ಈಗ ಏನ್ ಮಾಡ್ತೀಯಪ್ಪ?” ಎಂದ.

ಬಕ್ಕೇಶಪ್ಪನವರ ಮುಖ ಕೆಂಪಾಯಿತು. “ಇಡೀ ಊರಿಗೆ ಹೇಳೀನಲ್ರಿ ಸಾಬ್ರೇ.”

“ಯಾರಿಗೂ ಹೇಳಬೇಡಿ ಅಂತ ಬರ್ದಿದ್ದೆನಲ್ಲಣ್ಣ.”

“ಅಂಥಾ ಮಾತು ಹೇಳದಂಗ ಇರಾಕ ಆಗ್ತೈತೇನ್ರಿ ಯಾರಿಗಾದ್ರೂ?”

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಚಹಾ ತಂದರು. ಹಯಾತ್ ಸಾಬ್ ಕೈ ಮುಗಿದು, ರೋಜಾ ಇದೀನಿ ತಾಯಿ ಎಂದರು. ಆಕೆ ತಟ್ಟೆ ಹಿಡಿದುಕೊಂಡು ಹಾಗೇ ನಿಂತರು. ಅದೇನಾಯಿತೋ, ಬಕ್ಕೇಶಪ್ಪನವರ ಸಿಟ್ಟು ದಿಕ್ಕು ಬದಲಿಸಿತು.

“ನೋಡ್ರಿ, ನೀವೂ ನಮ್ಮೂರಾಗ ಏನೂ ಮುಟ್ಟಂಗಿಲ್ಲ. ಹ್ವಾದ ವರ್ಷ ಆ ಹುಡುಗಿ ಬಂದಾಗೂ ಹಿಂಗೇ ಬರದ್ರಿ. ಬಾಗ್ಲು ಬಡಿದ್ಲು, ಇಲ್ಲ ಅಂದ್ವಿ, ಹೋದ್ಲು. ಒಂದು ಹುಡುಗಿ ಮಧ್ಯಾಹ್ನದ ಹೊತ್ತು ಮನಿ ಮುಂದೆ ಬಂದ್ರೆ ನಾವು ಹಂಗೇ ಕಳಿಸ್ತೀವೇನು? ನಮ್ಮೂರಾಕಿ ಅಲ್ಲ ಅಂದ್ರೆ ಬಿಡ್ರಿ, ಆಕಿ ಎಲ್ಲಿಯಾಕಿ ಅಂತ ನಿಮಗ ಬಿಟ್ಟಿದ್ದು. ಆದ್ರೆ ಉಣ್ಣಿಸಿ ಕಳಿಸಿದ್ವಿ ಅಂತ ಬರೀರಿ. ಅಷ್ಟು ಬರೀಬೇಕು ನೀವು.”

“ಏನು ಊಟ?” ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಚೀಲದಿಂದ ಪೆನ್ನು ತೆಗೆದಿದ್ದೆ.

ರೊಟ್ಟಿ ಎಂದರು ಒಬ್ಬರು. ಮಗುವಿಗೆ ರೊಟ್ಟಿ ಗಟ್ಟಿ ಆಗುತ್ತೆ ಎಂದರು ಇನ್ನೊಬ್ಬರು. ಅನ್ನ ಹಾಲು ಎಂದ ಬಾಗಿಲ ಬಗ್ಗೆ ಕೇಳಿದಾತ. ಕೊನೆಗೆ ಚಹಾ ತಟ್ಟೆ ಹಿಡಿದಿದ್ದ ಆಕೆಯೇ, “ಬಿಸಿ ಮುದ್ದಿ, ಹುಳ್ಳಿಕಾಳು ಸಾರು. ಮ್ಯಾಲೆ ಬೆಣ್ಣಿ. ಬರಕೋ” ಎಂದರು. ವಾದ ನಿಂತಿತು.

ವಾಪಸಾಗುವಾಗ ಬಸ್ಸಿನಲ್ಲೇ ಹೊತ್ತು ಮುಳುಗಿತು. ಹಯಾತ್ ಸಾಬ್ ಜೇಬಿನಿಂದ ಎರಡು ಖರ್ಜೂರ ತೆಗೆದು ಒಂದು ನನಗೆ ಕೊಟ್ಟರು. “ನಾಗಿ ಎರಡು ವರ್ಷ ಏನು ತಿಂದ್ಲು ಅಂತ ನಾನೇ ಯೋಚ್ನೆ ಮಾಡಿರ್ಲಿಲ್ಲಮ್ಮ” ಎಂದರು. ಉಳಿದ ದಾರಿ ಇಬ್ಬರೂ ಅದನ್ನೇ ಮಾತಾಡಿದೆವು.

23 ಡಿಸೆಂಬರ್, ಬುಧವಾರ

ನಾಗಿಗೆ ಏನು ಉಣ್ಣಿಸಿ ಕಳಿಸಿದಿರಿ ಎಂದು ಉಳಿದ ಒಂದೊಂದು ಊರನ್ನೂ ಕೇಳಬೇಕಲ್ಲ. ಪಂಚಾಯ್ತಿ, ಕಿರಾಣಿ ಅಂಗಡಿ, ಯಾರದೋ ಪಕ್ಕದ ಮನೆ ಎಂದು ಹದಿನಾಲ್ಕು ಕರೆ. ಅಜ್ಜಯ್ಯನವರು ಎರಡು ಸಲ ಬಂದು ನಿಂತರು.

“ಇಷ್ಟು ಹೊತ್ತು ಯಾರ ಜೊತೆ?”

“ಲೋಕಿಕೆರೆ ಜೊತೆ ಸರ್. ಒಂದು ನಿಮಿಷ” ಎಂದು ಫೋನಿಗೆ ಕೈ ಅಡ್ಡ ಹಿಡಿದೆ.

ಕುಂಬಳೂರಿನವನಿಗೆ ಇನ್ನೂ ಸಿಟ್ಟಿತ್ತು. “ಏನೂ ಹಾಕಿಲ್ಲ” ಎಂದು ಇಟ್ಟ. ಐದು ನಿಮಿಷಕ್ಕೆ ಅವನೇ ಫೋನ್ ಮಾಡಿ, “ಮಂಡಕ್ಕಿ ಉಸುಳಿ ಕೊಟ್ಟು ಕಳಿಸಿದ್ವಿ ಅಂತ ಬರಕೋರಿ. ನಾಲ್ಕು ಬಾಳೆಹಣ್ಣು ದಾರಿಗೆ” ಎಂದ. ಸಂಜೆಯ ಬಸ್ಸಿಗೆ ಪಟ್ಟಿಯನ್ನು ಹರಿಹರಕ್ಕೆ ಕಳಿಸಿದೆ.

25 ಡಿಸೆಂಬರ್, ಶುಕ್ರವಾರ

ನಾಲ್ಕೂವರೆಯ ಬಸ್ಸಿಗೆ ಕೊಳವೆ ಬಂತು. ನಾನೇ ಸ್ಟ್ಯಾಂಡಿನಲ್ಲಿ ಕಾದಿದ್ದೆ.

ಮೊದಲ ಚಿತ್ರ: ಮಾಯಕೊಂಡದ ಬಾಗಿಲು ತೆರೆದಿದೆ, ಅವ್ವ ನಿಂತಿದ್ದಾಳೆ. ನಾಗಿಯ ಮುಖ ಪೂರ್ತಿ ಕಾಣುತ್ತದೆ. ಎರಡನೆಯದು: ಅವ್ವ ಅವಳನ್ನು ತಬ್ಬಿಕೊಂಡು, “ಇಷ್ಟು ದಿನ ಎಲ್ಲಿ ಉಂಡೆ ಮಗಳೇ?” ಎನ್ನುತ್ತಾಳೆ. ಮೂರನೆಯದರಲ್ಲಿ ಚಿತ್ರಕ್ಕಿಂತ ಮಾತೇ ಹೆಚ್ಚು. ಆನಗೋಡಿನಲ್ಲಿ ಮುದ್ದೆ, ಹುರುಳಿಕಾಳು ಸಾರು, ಬೆಣ್ಣೆ. ಹದಡಿಯಲ್ಲಿ ಮೊಸರನ್ನ. ಶ್ಯಾಗಲೆಯಲ್ಲಿ ರೊಟ್ಟಿ, ಪುಂಡಿಪಲ್ಲೆ. ಹೀಗೆ ಹತ್ತೂ ಊರು, ಹಯಾತ್ ಸಾಬರ ದುಂಡು ಅಕ್ಷರದಲ್ಲಿ, ಯಾವುದೂ ಯಾವುದಕ್ಕಿಂತ ದೊಡ್ಡದಲ್ಲ. ನಾಲ್ಕನೆಯದರಲ್ಲಿ ಅವ್ವ ತಟ್ಟೆ ಇಡುತ್ತಿದ್ದಾಳೆ. ಮಾತಿಲ್ಲ.

ಅಜ್ಜಯ್ಯನವರು ಕನ್ನಡಕ ಏರಿಸಿದರು. “ಇದೇನ್ರಿ, ಚಿತ್ರಕಥೆನೋ ಖಾನಾವಳಿ ಬೋರ್ಡೋ? ಮೂರನೇದರಾಗ ಅರ್ಧ ತೆಗೀರಿ, ತುಂಬಾ ಆಯ್ತು.”

“ಆಗಲ್ಲ ಸರ್. ಒಂದೂ ತೆಗೆಯೋ ಹಾಗಿಲ್ಲ.”

ಅವರು ಹಾಳೆಯ ಮೂಲೆಯಲ್ಲಿ ಸಹಿ ಹಾಕಿದರು. ಊರಿನ ಹೆಸರುಗಳನ್ನು ಮೂರು ಸಲ ಪ್ರೂಫ್ ನೋಡಿದೆ.

27 ಡಿಸೆಂಬರ್, ಭಾನುವಾರ

ರಜೆ. ಆದರೂ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ, ಜನ ಓದುವುದನ್ನು ನೋಡಲು. ಅರ್ಧ ಗಂಟೆ ಯಾರೂ ಕೊನೆಯ ಪುಟಕ್ಕೆ ಬರಲಿಲ್ಲ. ಆಮೇಲೆ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಬಂದು ಕೂತರು. ಮಧ್ಯವಯಸ್ಸು ದಾಟಿದವರು. ಆತ ಪತ್ರಿಕೆ ಬಿಡಿಸಿದ್ದೇ ಹಿಂದಿನಿಂದ.

“ಸಿಕ್ಕಿದ್ಲಾ?” ಎಂದಳು ಆಕೆ.

“ತಡಿ, ಓದ್ತೀನಿ.”

ಆತ ಬೆರಳಿಟ್ಟು ಓದಿದ. ಅವ್ವ ಸಿಕ್ಕಳು ಎಂದಾಗ ಆಕೆ ಉಸ್ಸೆಂದು ಬೆನ್ನು ಒರಗಿಸಿದಳು. ಆತ ಊರುಗಳನ್ನು ಒಂದೊಂದಾಗಿ ಓದಿದ, ಊಟದ ಸಮೇತ. ಎರಡು ಸಲ ಹಿಂದೆ ಹೋಗಿ ಎಣಿಸಿದ.

“ಹೆಬ್ಬಾಳು ಇಲ್ಲ” ಎಂದ.

“ನಮ್ಮೂರಿಗೆ ಯಾಕ ಬರಲಿಲ್ಲ ಅಕಿ? ಆನಗೋಡಿಗೆ ಬಂದಾಕಿಗೆ ಹೆಬ್ಬಾಳು ಎಷ್ಟು ದೂರ?”

“ನಾವು ಕರೀಲಿಲ್ಲಲ್ಲ” ಎಂದ ಆತ. ಪತ್ರಿಕೆ ಮಡಚಿ ಮೊಣಕಾಲ ಮೇಲಿಟ್ಟುಕೊಂಡ.

ಆಕೆ ಯಾರಿಗೂ ಅಲ್ಲದ ಹಾಗೆ, “ಕರೀಬೇಕಿತ್ತು” ಎಂದಳು.

ನಾನು ನನ್ನ ಬೆಂಚಿನಲ್ಲಿ ಅವರ ಕಡೆಯ ತುದಿಗೆ ಸರಿದು, “ನೀವೇನು ಮಾಡಿ ಹಾಕ್ತಿದ್ರಿ?” ಎಂದು ಕೇಳಿದೆ.

ಆಕೆ ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ತೊಡೆಯ ಮೇಲಿದ್ದ ಚೀಲವನ್ನು ಇಳಿಸಿ ಕೆಳಗಿಟ್ಟಳು. “ನೋಡವ್ವಾ, ಮೊದ್ಲು ಕೈಕಾಲಿಗೆ ಬಿಸಿನೀರು ಕೊಡ್ತಿದ್ದೆ” ಎಂದು ಶುರು ಮಾಡಿದಳು. ಅವರ ಬಸ್ ಬಂದು ನಿಂತಿತು. ಗಂಡ ಎದ್ದು ನೋಡಿ ಮತ್ತೆ ಕೂತ. ಆಕೆ ತನ್ನ ಮಾತಿನಲ್ಲಿ ಇನ್ನೂ ಒಲೆ ಹಚ್ಚುತ್ತಿದ್ದಳು.